ಆಟ ಒಂದು ದಿನ. ಅನ್ನ ಎಷ್ಟು ದಿನ?

ಹೊತ್ತು ಇಳಿಯುತ್ತ ಬಂದಿದೆ. ತೇರದಾಳದಲ್ಲಿ ಪ್ರಭುದೇವರ ಜಾತ್ರೆ. ಕುಸ್ತಿಯ ಕಣದ ಸುತ್ತ ಜನ ಇರುವೆಗಳಂತೆ ಮುತ್ತಿಕೊಂಡಿದ್ದಾರೆ. ಮುಂದಿನ ಸಾಲಿನವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಾರೆ; ಹಿಂದಿನವರು ನಿಂತಿದ್ದಾರೆ; ಅವರಿಗೂ ಹಿಂದಿನವರು ಗಾಡಿಗಳನ್ನೂ ಟ್ರ್ಯಾಕ್ಟರುಗಳನ್ನೂ ಏರಿದ್ದಾರೆ. ಹುಡುಗರಿಗೆ ಬೇವಿನ ಮರದ ಕೊಂಬೆಯೇ ಉಪ್ಪರಿಗೆ. ಹಲಗಿಯ ಸದ್ದು ಎದೆಯೊಳಗೇ ಹೊಕ್ಕು ಬಡಿಯುತ್ತಿದೆ. ಲಂಗೋಟಿ ಬಿಗಿದ ಇಬ್ಬರು ಪೈಲ್ವಾನರು ಕಣಕ್ಕಿಳಿದು, ಮಣ್ಣನ್ನು ಕಣ್ಣಿಗೊತ್ತಿಕೊಂಡು, ಒಂದು ಹಿಡಿ ಎದುರಾಳಿಯ ಮೈಗೆ ಸವರಿ, ಕೈ ಕೊಡುತ್ತಾರೆ. ಇದು ಜಂಗೀ ನಿಕಾಲಿ ಕುಸ್ತಿ. ಒಬ್ಬನ ಬೆನ್ನು ಮಣ್ಣಿಗೆ ಹತ್ತುವ ತನಕ ಬಿಡುವ ಮಾತಿಲ್ಲ.

ಕಡೆಗೊಮ್ಮೆ ಬೆನ್ನು ಹತ್ತುತ್ತದೆ. ಕೂಗು ಮುಗಿಲು ಮುಟ್ಟುತ್ತದೆ. ರುಮಾಲುಗಳು ಗಾಳಿಯಲ್ಲಿ ಹಾರುತ್ತವೆ. ಗೆದ್ದವನ ಕೈಗೆ ಬೆಳ್ಳಿಯ ಕಡೆ. ಮುಷ್ಟಿಯೊಳಕ್ಕೆ ಅಭಿಮಾನಿಗಳು ತುರುಕಿದ ನೋಟುಗಳು. ಬಿದ್ದವನು ಮೈ ಕೊಡವಿಕೊಂಡು ಹೋಗುತ್ತಾನೆ. ಆತನಿಗೂ ಒಪ್ಪಿದ ಹಣ ಸಲ್ಲುತ್ತದೆ. ಜನ ಮಾತಾಡಿಕೊಳ್ಳುತ್ತ ಚದುರುತ್ತಾರೆ.

ಆಟದ ಕಥೆ ಇಲ್ಲಿಗೆ ಮುಗಿಯಿತು. ಆದರೆ ಆಟವೊಂದು ಊರಿಗೆ ಬಂದಾಗ ಅದರ ಬೆನ್ನಿಗೆ ದುಡಿಮೆಯೂ ಬರುತ್ತದೆ. ಆ ದುಡಿಮೆ ಯಾರ ಪಾಲಿಗೆ ಬಂತು, ಎಷ್ಟು ದಿನ ನಿಂತಿತು, ಯಾವ ಊರಿಗೆ ಹೋಯಿತು ಎಂಬ ಇನ್ನೊಂದು ಕಥೆಯನ್ನು ಕೇಳುವವರು ವಿರಳ. ಏಷ್ಯಾದ ಕ್ರೀಡಾಕೂಟವೇ ಇರಲಿ, ಒಲಿಂಪಿಕ್ಸೇ ಇರಲಿ, ಅದನ್ನು ಬರಮಾಡಿಕೊಳ್ಳುವ ನಗರದ ಮುಖಂಡರು ಮೊದಲು ಆಡುವ ಮಾತು ಒಂದೇ: ಸಾವಿರಾರು ಜನರಿಗೆ ಕೆಲಸ ಸಿಕ್ಕೀತು! ಈ ಮಾತಿನಲ್ಲಿ ಕಾಳೆಷ್ಟು, ಹೊಟ್ಟೆಷ್ಟು ಎಂದು ತೂರಿ ನೋಡಲು ದೊಡ್ಡ ನಗರಕ್ಕಿಂತ ಜಾತ್ರೆಯ ಕಣವೇ ಒಳ್ಳೆಯ ಸ್ಥಳ. ಇಲ್ಲಿ ಎಲ್ಲವೂ ಕಣ್ಣಳತೆಯಲ್ಲಿರುತ್ತದೆ.

ಕಣದ ಮಣ್ಣು

ಪೈಲ್ವಾನರು ಕಣ್ಣಿಗೊತ್ತಿಕೊಂಡ ಮಣ್ಣು ಅಲ್ಲಿಗೆ ತಾನಾಗಿ ಬಂದುದಲ್ಲ. ಕೆಮ್ಮಣ್ಣನ್ನು ತಂದು ಸುರಿದು, ಹೆಂಟೆ ಒಡೆದು, ಕಲ್ಲು ಕಸ ಉಳಿಯದಂತೆ ಜರಡಿ ಹಿಡಿಯಬೇಕು. ಎಣ್ಣೆ, ಮಜ್ಜಿಗೆ, ನಿಂಬೆಯ ರಸ, ಅರಿಷಿಣ ಬೆರೆಸಿ ಹದ ಮಾಡಬೇಕು. ಅರಿಷಿಣ ಗಾಯ ಮಾಯಲೆಂದು. ಎಣ್ಣೆ ಮಣ್ಣು ಮೆತ್ತಗಿರಲೆಂದು. ಗರಡಿಯ ಹಳಬರು ಮುಷ್ಟಿಯಲ್ಲಿ ಹಿಡಿದು ಹಿಚುಕಿ ನೋಡಿ ಸೈ ಎಂದ ಮೇಲೆ ಕಣ ಸಿದ್ಧವಾದಂತೆ. ಮಣ್ಣು ಅಗೆದವನು, ಹೊತ್ತ ಗಾಡಿಯವನು, ಎಣ್ಣೆ ಮಾರಿದ ಅಂಗಡಿಯವನು, ಮಜ್ಜಿಗೆ ಕೊಟ್ಟ ಮನೆಯವಳು—ಕುಸ್ತಿಯ ಮೊದಲ ಹಣ ಇವರ ಕೈ ಸೇರುತ್ತದೆ. ಅರಿಷಿಣಕ್ಕೆ ದೂರ ಹೋಗಬೇಕಾಗಿಲ್ಲ. ದೇಶದ ದೊಡ್ಡ ಅರಿಷಿಣ ಪೇಟೆಯಾದ ಸಾಂಗ್ಲಿ ಈ ಸೀಮೆಗೆ ನೆರೆಯ ಊರೇ.

ಅದಕ್ಕೂ ಮೊದಲೇ ಪಂಚರು ಸೇರಿ ಪಟ್ಟಿ ಎತ್ತಿರುತ್ತಾರೆ. ಉಳ್ಳವರು ಸಾವಿರಗಳಲ್ಲಿ, ಇಲ್ಲದವರು ಹತ್ತಿಪ್ಪತ್ತು ರೂಪಾಯಿಗಳಲ್ಲಿ ವರ್ಗಣಿ ಕೊಡುತ್ತಾರೆ. ಜೋಡಿಗಳು ಗೊತ್ತಾದ ಮೇಲೆ ಕರಪತ್ರ ಅಚ್ಚಾಗಬೇಕು. ಈ ಸೀಮೆಯ ಕುಸ್ತಿಯ ಕರಪತ್ರವನ್ನು ಕಂಡವರಿಗೆ ಅದರ ವೈಭವ ಗೊತ್ತು! ಮೇಲೆ ದೇವರ ಚಿತ್ರ, ಕೆಳಗೆ ತೊಡೆ ತಟ್ಟಿ ನಿಂತ ಪೈಲ್ವಾನರ ಜೋಡಿ ಚಿತ್ರಗಳು, ಪ್ರತಿಯೊಂದು ಜೋಡಿಯ ಎದುರಿಗೆ ಇನಾಮಿನ ಮೊತ್ತ, ಅದನ್ನು ಕೊಡುವ ದಾನಿಯ ಹೆಸರು. ಸಣ್ಣ ಊರುಗಳ ಮುದ್ರಣಾಲಯಗಳಿಗೆ ಮದುವೆಯ ಲಗ್ನಪತ್ರಿಕೆಯ ಕಾಲ ಬಿಟ್ಟರೆ ಜಾತ್ರೆಯ ಕರಪತ್ರದ ಕಾಲವೇ ಸುಗ್ಗಿ.

ಆ ಬಳಿಕ ವಾದ್ಯದವರು. ಹಲಗಿ ಇಲ್ಲದ ಕುಸ್ತಿ ಉಪ್ಪಿಲ್ಲದ ಅಡುಗೆ. ಕರಡಿ ಮಜಲಿನವರು, ಸನಾದಿಯವರು, ಶಾಮಿಯಾನದವರು, ಧ್ವನಿವರ್ಧಕದವರು ಒಬ್ಬೊಬ್ಬರಾಗಿ ಬಂದು ಸೇರುತ್ತಾರೆ. ಹಲಗಿ ಬಾರಿಸುವವನ ಸ್ಥಿತಿಯನ್ನು ಇಲ್ಲಿ ಒಂದು ಕ್ಷಣ ನಿಂತು ನೋಡಬೇಕು. ಗೆದ್ದವನನ್ನು ಹೆಗಲ ಮೇಲೆ ಹೊತ್ತು ಮೆರೆಸುವ ಊರು, ಅವನ ರಕ್ತ ಕುದಿಯುವಂತೆ ದಿನವಿಡೀ ಬಾರಿಸಿದ ಕೈಗಳನ್ನು ಅಷ್ಟಾಗಿ ನೆನೆಯುವುದಿಲ್ಲ. ಕರಪತ್ರದಲ್ಲಿ ಆ ಕೈಗಳ ಹೆಸರನ್ನು ಹುಡುಕಬೇಕಾಗುತ್ತದೆ.

ಇನ್ನು ಪೇಟೆಯ ಸಾಲು. ಬೆಂಡು ಬತ್ತಾಸು, ಜಿಲೇಬಿ, ಚೂಡಾ, ಮಿರ್ಚಿ ಭಜಿ, ಬಳೆಗಾರರು, ಕುಂಕುಮದವರು, ಆಟಿಗೆಯವರು, ಎತ್ತಿನ ಮೂಗುದಾರ, ಗೆಜ್ಜೆಸರ, ಗೊಂಡೆ, ಬಾರುಕೋಲು ಮಾರುವವರು, ತೊಟ್ಟಿಲಾಟದವರು, ಊರ ಹೊರಗೆ ತಗಡಿನ ಥಿಯೇಟರು ಕಟ್ಟಿ ತಿಂಗಳುಗಟ್ಟಲೆ ಬಿಡಾರ ಹೂಡುವ ನಾಟಕ ಕಂಪನಿಯವರು. ಚುರುಮುರಿಯ ಒಂದು ಪೊಟ್ಟಣವನ್ನೇ ಬಿಚ್ಚಿ ನೋಡಿದರೆ ಅದರ ಹಿಂದೆ ಭತ್ತ ಬೆಳೆದವನಿದ್ದಾನೆ, ಮಂಡಕ್ಕಿ ಭಟ್ಟಿಯಲ್ಲಿ ಬೆಂಕಿಯ ಮುಂದೆ ಬೆವರಿದವನಿದ್ದಾನೆ, ಪುಠಾಣಿ ಹುರಿದವನಿದ್ದಾನೆ, ಉಳ್ಳಾಗಡ್ಡಿ ಹೆಚ್ಚಿದ ಹೆಣ್ಣುಮಗಳಿದ್ದಾಳೆ. ಇಬ್ಬರು ಕಾದಾಡಿದುದರಿಂದ ಇಷ್ಟು ಜನರ ಒಲೆ ಉರಿಯಿತು ಎನ್ನುವುದು ಸುಳ್ಳಲ್ಲ.

ಮಗ್ಗ ನಿಂತ ದಿನ

ಆದರೆ ಲೆಕ್ಕದ ಪುಸ್ತಕಕ್ಕೆ ಎರಡು ಮಗ್ಗುಲು.

ತೇರದಾಳ, ರಬಕವಿ, ಬನಹಟ್ಟಿಗಳು ನೇಕಾರರ ಊರುಗಳು. ಬೆಳಗಿನಿಂದ ರಾತ್ರಿಯವರೆಗೆ ಓಣಿ ಓಣಿಯಲ್ಲಿ ಮಗ್ಗದ ಸದ್ದು. ಮನೆಯ ಗಂಡಸರು ಮಗ್ಗದ ಮುಂದೆ, ಹೆಂಗಸರು ಕಂಡಿಕೆ ಸುತ್ತುವ ಕೆಲಸದಲ್ಲಿ. ಇವರಲ್ಲಿ ಬಹುಮಂದಿ ಮಾಲೀಕರಿಂದ ನೂಲು ತಂದು, ಸೀರೆ ನೇಯ್ದು ಕೊಟ್ಟು, ನೇಯ್ದಷ್ಟಕ್ಕೆ ಮಜೂರಿ ಪಡೆಯತಕ್ಕವರು. ತಿಂಗಳ ಸಂಬಳವಿಲ್ಲ, ರಜೆಯ ಸಂಬಳವಂತೂ ಇಲ್ಲವೇ ಇಲ್ಲ. ಜಾತ್ರೆಯ ದಿನ ಮಗ್ಗ ನಿಂತರೆ ಆ ದಿನದ ಮಜೂರಿಯೂ ನಿಂತಿತು. ಬೀಗರು ಬಂದಾರು, ಹೋಳಿಗೆ ಆಗಬೇಕು, ಮಕ್ಕಳಿಗೆ ಹೊಸ ಅಂಗಿ ಬೇಕು. ಗಳಿಕೆ ನಿಂತ ದಿನವೇ ವೆಚ್ಚ ಹೆಚ್ಚಿದ ದಿನ. ಭಜಿಯ ಅಂಗಡಿಯ ಗಲ್ಲೆ ತುಂಬಿದ್ದನ್ನು ಎಣಿಸುವವರು ನೇಕಾರನ ಮನೆಯಲ್ಲಿ ಆಗದೆ ಹೋದ ಗಳಿಕೆಯನ್ನೂ ಎಣಿಸಬೇಕಷ್ಟೆ.

ಇನ್ನೊಂದು ಮಾತು. ಜಾತ್ರೆಯಲ್ಲಿ ವೆಚ್ಚವಾದ ಹಣ ಮುಗಿಲಿನಿಂದ ಉದುರಿದುದಲ್ಲ. ಊರಿನವನೊಬ್ಬನು ತೊಟ್ಟಿಲಾಟಕ್ಕೂ ಜಿಲೇಬಿಗೂ ಕೊಟ್ಟ ನೂರು ರೂಪಾಯಿ, ಜಾತ್ರೆ ಇಲ್ಲದಿದ್ದರೆ ಅದೇ ವಾರ ಊರಿನ ಕಿರಾಣಿ ಅಂಗಡಿಗೋ ಚಹದ ಅಂಗಡಿಗೋ ಹೋಗುತ್ತಿತ್ತು. ಒಬ್ಬರ ಜೇಬಿನಿಂದ ಇನ್ನೊಬ್ಬರ ಜೇಬಿಗೆ ದಾಟಿದ ಹಣವನ್ನು ಹೊಸ ಗಳಿಕೆಯೆಂದು ಕರೆಯಲಾಗದು. ಊರಿಗೆ ನಿಜವಾಗಿ ಹೊಸದಾಗಿ ಬರುವ ಹಣ ಹೊರಗಿನಿಂದ ಬಂದವರದು. ಜಮಖಂಡಿ, ಮುಧೋಳ, ರಾಯಬಾಗ, ಅಥಣಿಗಳಿಂದ, ಗಡಿಯಾಚೆಯ ಮಿರಜ, ಸಾಂಗ್ಲಿಗಳಿಂದ ಕುಸ್ತಿ ನೋಡಲೆಂದೇ ಬಂದವನು ಬಸ್ಸಿಗೆ, ಊಟಕ್ಕೆ, ಮಕ್ಕಳ ಆಟಿಗೆಗೆ ಕೊಟ್ಟ ಹಣವೇ ಊರಿನ ಲಾಭ. ಅದರಲ್ಲಿಯೂ ಹೊರಗಿನ ವ್ಯಾಪಾರಿ ಗಂಟು ಕಟ್ಟಿಕೊಂಡು ಹೋದುದನ್ನು ಕಳೆಯಬೇಕು. ದೊಡ್ಡ ಕ್ರೀಡಾಕೂಟಗಳ ಪ್ರಚಾರಪತ್ರಗಳಲ್ಲಿ ಕೂಡಿಸುವ ಲೆಕ್ಕ ಢಾಳಾಗಿರುತ್ತದೆ. ಕಳೆಯುವ ಲೆಕ್ಕ ಕಾಣಸಿಗುವುದು ಅಪರೂಪ.

ಹಾಗಾದರೆ ಕುಸ್ತಿಯಿಂದ ಊರಿಗೆ ಬಂದುದೇನೂ ಇಲ್ಲವೆ? ಇದೆ. ಆದರೆ ಅದು ಒಂದು ದಿನದ ಜಾತ್ರೆಯಲ್ಲಿ ಇಲ್ಲ. ಜಾತ್ರೆಗಳ ಸಾಲಿನಲ್ಲಿ ಇದೆ. ಸುಗ್ಗಿ ಮುಗಿದ ಮೇಲೆ ಆರಂಭವಾದ ಜಾತ್ರೆಗಳು ಮುಂಗಾರು ಇಳಿಯುವ ತನಕ ಊರಿಂದೂರಿಗೆ ಹಬ್ಬುತ್ತವೆ. ಶ್ರಾವಣದಿಂದ ಮತ್ತೊಂದು ಸಾಲು. ಬಳೆಗಾರನ ಮಲಾರ, ನಾಟಕ ಕಂಪನಿಯ ಪರದೆಗಳು, ತೊಟ್ಟಿಲಾಟದ ಕಬ್ಬಿಣ, ಪೈಲ್ವಾನನ ಲಂಗೋಟಿ ಎಲ್ಲವೂ ಒಂದೇ ಪಂಚಾಂಗವನ್ನು ಹಿಡಿದು ತಿರುಗುತ್ತವೆ. ಈ ವರ್ಷ ಬಂದುದು ಬರುವ ವರ್ಷವೂ ಬಂದೇ ಬರುತ್ತದೆಂಬ ಭರವಸೆಯಿಂದಲೇ ಕಮ್ಮಾರ ಮಗನಿಗೆ ಕೆಲಸ ಕಲಿಸುತ್ತಾನೆ, ತಂದೆ ಮಗನನ್ನು ಗರಡಿಗೆ ಕಳಿಸಿ ಹಾಲು, ತುಪ್ಪ, ಬದಾಮಿಗೆ ಹಣ ಸುರಿಯುತ್ತಾನೆ. ಒಮ್ಮೆ ಬಂದು ಹೋಗುವ ಆಟವನ್ನು ನೆಚ್ಚಿ ಯಾರೂ ಮಗನಿಗೆ ಕಸುಬು ಕಲಿಸಲಾರರು.

ಕುಸ್ತಿ ಈ ಸೀಮೆಯಲ್ಲಿ ಬೇರೂರಿದುದೂ ಹಾಗೆಯೇ. 1948ರ ವರೆಗೆ ತೇರದಾಳವು ಸಾಂಗ್ಲಿ ಸಂಸ್ಥಾನದ ಒಂದು ಭಾಗ. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು, ಸ್ವಲ್ಪ ದೂರದಲ್ಲಿ ಕೊಲ್ಲಾಪುರದ ಛತ್ರಪತಿಗಳು. ಶಾಹು ಮಹಾರಾಜರು ಕೊಲ್ಲಾಪುರದಲ್ಲಿ ಕಟ್ಟಿಸಿದ ಖಾಸಬಾಗ ಮೈದಾನ 1912ರಲ್ಲಿ ತೆರೆಯಿತು. ಅಂಥ ಒಂದು ಕಣ ನಿಂತಿತೆಂದರೆ ಸುತ್ತಲಿನ ಹತ್ತಾರು ತಾಲೂಕುಗಳ ಹುಡುಗರಿಗೆ ದಾರಿಯೊಂದು ತೆರೆದಂತೆ. ಚಿಕ್ಕೋಡಿ ಸೀಮೆಯ ಎಕ್ಸಂಬೆಯಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆಯವರು ಕೊಲ್ಲಾಪುರದ ಗರಡಿಯಲ್ಲಿ ಪಳಗಿ 1959ರಲ್ಲಿ ದಿಲ್ಲಿಯಲ್ಲಿ ಹಿಂದ್ ಕೇಸರಿ ಪಟ್ಟವನ್ನು ಗೆದ್ದರು. ಸಂಸ್ಥಾನಗಳು ಅಳಿದ ಮೇಲೆ ಅರಸರ ಸ್ಥಾನಕ್ಕೆ ಊರಿನ ಪಂಚರು ಬಂದರು, ಖಜಾನೆಯ ಸ್ಥಾನಕ್ಕೆ ಪಟ್ಟಿಯ ಹಣ ಬಂತು. ಕಣ ಮಾತ್ರ ಉಳಿಯಿತು.

ತೆರಬಂಡಿಯ ಪಾಠ

ಈ ಸಾಲು ಕಡಿದರೆ ಏನಾಗುತ್ತದೆ? ಅದಕ್ಕೂ ಇಲ್ಲಿಯೇ ಉದಾಹರಣೆ ಉಂಟು. ಕುಸ್ತಿಯಷ್ಟೇ ಜನ ಸೇರುವ ಇನ್ನೊಂದು ಆಟ ಎತ್ತಿನ ತೆರಬಂಡಿಯ ಸ್ಪರ್ಧೆ. ಕೊಬ್ಬಿದ ಖಿಲಾರಿ ಎತ್ತುಗಳು ಭಾರದ ಬಂಡಿಯನ್ನು ಎಳೆಯುವುದನ್ನು ನೋಡುವುದಕ್ಕೆ ಜನ ಬುತ್ತಿ ಕಟ್ಟಿಕೊಂಡು ಬರುತ್ತಾರೆ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟನ್ನೂ ಎತ್ತಿನ ಗಾಡಿಯ ಓಟಗಳನ್ನೂ ಪ್ರಾಣಿಹಿಂಸೆಯೆಂದು ನಿಷೇಧಿಸಿತು. ಮೂಕಪ್ರಾಣಿಗೆ ಚುಚ್ಚುಗೋಲಿನಿಂದ ತಿವಿಯುವುದನ್ನು, ಬಾಲ ಮುರಿಯುವುದನ್ನು ಕಂಡವರು ಆ ತೀರ್ಪನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾರರು. ಕರ್ನಾಟಕದ ಶಾಸನಸಭೆ 2017ರಲ್ಲಿ ಕಂಬಳಕ್ಕೂ ಎತ್ತಿನ ಗಾಡಿಯ ಓಟಕ್ಕೂ ಅವಕಾಶವೀಯುವ ತಿದ್ದುಪಡಿಯನ್ನು ಮಾಡಿತು; 2023ರ ಮೇ 18ರಂದು ಐವರು ನ್ಯಾಯಾಧೀಶರ ಪೀಠ ಅದನ್ನು ಎತ್ತಿಹಿಡಿಯಿತು.

ಖಿಲಾರಿ ಎತ್ತು ಓಡಬಲ್ಲುದು, ಎಳೆಯಬಲ್ಲುದು. ಆದರೆ ಟ್ರ್ಯಾಕ್ಟರು ಬಂದ ಮೇಲೆ ಹೊಲದಲ್ಲಿ ಅದಕ್ಕೆ ಕೆಲಸ ಕಡಿಮೆಯಾಯಿತು. ಹಸುವಿನ ಹಾಲೂ ಅಷ್ಟಕ್ಕಷ್ಟೆ. ಒಳ್ಳೆಯ ಜೋಡಿಗೆ ಒಳ್ಳೆಯ ಬೆಲೆ ಬರುವುದರಲ್ಲಿ ಸ್ಪರ್ಧೆಯ ಪಾಲು ಬಹಳ. ಸ್ಪರ್ಧೆ ನಿಂತರೆ ಜೋಡಿಯನ್ನು ಸಾಕುವವನ ಕೈ ಹಿಂದಕ್ಕೆ ಸರಿಯುತ್ತದೆ. ಅವನ ಹಿಂದೆ ಬಂಡಿಯ ಗಾಲಿ ಕೂಡಿಸುವ ಬಡಿಗೇರ, ಹಳಿ ಬಡಿಯುವ ಕಮ್ಮಾರ, ಲಾಳ ಕಟ್ಟುವವನು, ಹಗ್ಗ ಹೊಸೆಯುವವನು, ಗೊಂಡೆ ಕಟ್ಟುವವಳು. ಒಂದು ಆಟದ ಬೇರು ಎಷ್ಟು ಮನೆಗಳ ಅಡಿಯಲ್ಲಿ ಹರಡಿದೆಯೆಂಬುದು ಅದನ್ನು ಕಿತ್ತಾಗ ತಿಳಿಯುತ್ತದೆ. 2020ರಲ್ಲಿ ಕೊರೋನಾ ಬೇನೆ ಜಾತ್ರೆಗಳನ್ನೇ ನಿಲ್ಲಿಸಿದಾಗ ನಾಟಕದವರೂ ವಾದ್ಯದವರೂ ಆಟಿಗೆಯವರೂ ಏಕಕಾಲಕ್ಕೆ ಬೀದಿ ಪಾಲಾದುದನ್ನು ಮರೆಯುವಷ್ಟು ಕಾಲವಿನ್ನೂ ಆಗಿಲ್ಲ.

ರಾಜಧಾನಿಯ ಕಣ

ಜಾತ್ರೆಯ ಕಣದಿಂದ ಈಗ ರಾಜಧಾನಿಯ ಕಣಕ್ಕೆ ಬರೋಣ. 1997ರಲ್ಲಿ ನಾಲ್ಕನೆಯ ರಾಷ್ಟ್ರೀಯ ಕ್ರೀಡಾಕೂಟ ಕರ್ನಾಟಕದಲ್ಲಿ ನಡೆಯಿತು. ಬೆಂಗಳೂರಿನ ಕಂಠೀರವ ಕ್ರೀಡಾಂಗಣ ಅದಕ್ಕಾಗಿ ಹೊಸ ರೂಪದಲ್ಲಿ ಎದ್ದು ನಿಂತಿತು. ಕ್ರೀಡಾಪಟುಗಳ ವಸತಿಗೆಂದು ಕೋರಮಂಗಲದಲ್ಲಿ ಬಹುಮಹಡಿಯ ಕಟ್ಟಡಗಳ ಗ್ರಾಮವೇ ಬೆಳೆಯಿತು. ಕಟ್ಟುವಷ್ಟು ಕಾಲ ಗಾರೆಯವರಿಗೆ, ಬಡಗಿಗಳಿಗೆ, ಕಬ್ಬಿಣ ಬಾಗಿಸುವವರಿಗೆ ಕೆಲಸ. ಕೂಟ ಮುಗಿದ ಮೇಲೆ ಆ ಮನೆಗಳಿಗೆ ಸಂಸಾರಗಳು ಬಂದುವು. ಕ್ರೀಡಾಂಗಣದಲ್ಲಿ ಓಟದ ಕೂಟಗಳು ಮುಂದುವರಿದುವು. ಮುಂದೆ ಕಾಲ್ಚೆಂಡಿನ ತಂಡವೊಂದು ಅದನ್ನೇ ತನ್ನ ಅಂಗಳವಾಗಿ ಮಾಡಿಕೊಂಡು ವರ್ಷ ವರ್ಷವೂ ಪಂದ್ಯಗಳನ್ನಾಡಿತು. ಕಟ್ಟಿದುದು ಪಾಳು ಬೀಳಲಿಲ್ಲ. ಇದು ಸಣ್ಣ ಮಾತಲ್ಲ. 2004ರಲ್ಲಿ ಒಲಿಂಪಿಕ್ಸ್ ನಡೆಸಿದ ಅಥೆನ್ಸಿನಲ್ಲಿ ಹಲವು ಅಂಗಳಗಳು ಕಳೆ ಬೆಳೆದು ಬಿರುಕು ಬಿಟ್ಟುವು. ಕೆನಡಾ ದೇಶದ ಮಾಂಟ್ರಿಯಲ್ ನಗರ 1976ರ ಒಲಿಂಪಿಕ್ಸಿಗೆ ಮಾಡಿದ ಸಾಲವನ್ನು ತೀರಿಸಿ ಕೈತೊಳೆದುಕೊಂಡುದು 2006ರಲ್ಲಿ! ಕೂಟದ ವರ್ಷ ಹುಟ್ಟಿದ ಕೂಸು ಮೂವತ್ತು ವರ್ಷದ ಗೃಹಸ್ಥನಾಗಿ ಆ ಸಾಲಕ್ಕೆ ತೆರಿಗೆ ಕಟ್ಟಿತು.

ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಕಥೆ ಇನ್ನೊಂದು ಬಗೆಯದು. ಅಲ್ಲಿ ಕ್ರಿಕೆಟ್ ಪಂದ್ಯವಿದ್ದ ದಿನ ಹೊರಗಿನ ಕಾಲುದಾರಿಯೇ ಒಂದು ಜಾತ್ರೆ. ತಂಡದ ಅಂಗಿ, ಟೋಪಿ, ಬಾವುಟ ಮಾರುವವರು, ಕೆನ್ನೆಗೆ ಬಣ್ಣ ಬಳಿಯುವವರು, ಕಡಲೆಕಾಯಿಯವರು, ಆಟೋದವರು. 2025ರ ಜೂನ್ 4ರಂದು ಬೆಂಗಳೂರು ತಂಡದ ವಿಜಯೋತ್ಸವಕ್ಕೆಂದು ಬಂದ ಜನಸಾಗರ ಕ್ರೀಡಾಂಗಣದ ಬಾಗಿಲುಗಳಲ್ಲಿ ನೂಕುನುಗ್ಗಲಿಗೆ ಸಿಕ್ಕಿ 11 ಮಂದಿ ಸತ್ತರು. ಮನೆಯಿಂದ ನಗುತ್ತ ಹೊರಟ ಎಳೆಯರು ಮರಳಿ ಬರಲಿಲ್ಲ. ಆ ದುಃಖದ ಮುಂದೆ ವ್ಯಾಪಾರದ ಮಾತು ಹಗುರವೆನಿಸೀತು. ಆದರೂ ಆ ಬಳಿಕ ನಡೆದುದನ್ನು ಹೇಳಲೇಬೇಕು. ಅದೇ ವರ್ಷ ಅಲ್ಲಿ ನಡೆಯಬೇಕಾಗಿದ್ದ ಮಹಿಳೆಯರ ವಿಶ್ವಕಪ್ ಪಂದ್ಯಗಳು ಬೆಂಗಳೂರಿನ ಕೈತಪ್ಪಿದುವು. ನವಿ ಮುಂಬಯಿ ಆತಿಥೇಯ ನಗರಗಳ ಪಟ್ಟಿಯನ್ನು ಸೇರಿತು. ನವೆಂಬರ್ 2ರಂದು ಭಾರತದ ಹೆಣ್ಣುಮಕ್ಕಳು ವಿಶ್ವಕಪ್ಪನ್ನು ಎತ್ತಿ ಹಿಡಿದುದು ಅಲ್ಲಿಯೇ. ರಾಜ್ಯದ ಮಹಾರಾಜಾ ಟ್ರೋಫಿಯ ಪಂದ್ಯಗಳು ಮೈಸೂರಿಗೆ ಹೋದುವು. ಆಟದ ಜೊತೆ ಕಾಲುದಾರಿಯ ಜಾತ್ರೆಯೂ ಹೋಯಿತು. ಬಾಗಿಲ ಬಳಿ ಜನರನ್ನು ಕ್ರಮವಾಗಿ ನಡೆಸುವ ಮುಂದಾಲೋಚನೆ ಇಲ್ಲದೆ ಹೋದುದಕ್ಕೆ ಮೊದಲು ಜೀವಗಳು ಹೋದುವು. ಅವುಗಳ ಹಿಂದೆ ಕಡಲೆಕಾಯಿಯವನ ಕೂಲಿ ಹೋಯಿತು.

ಒಂಬತ್ತೂಕಾಲು ರೂಪಾಯಿ

ಕೆಲಸ ಸಿಗುವುದು ಬೇರೆ, ಕೂಲಿ ಸಿಗುವುದು ಬೇರೆ. ಇದನ್ನು ಅರಿಯಲು ದಿಲ್ಲಿಗೆ ಹೋಗಬೇಕು.

1982ರ ನವೆಂಬರ್ 19ರಿಂದ ಡಿಸೆಂಬರ್ 4ರವರೆಗೆ ದಿಲ್ಲಿಯಲ್ಲಿ ಒಂಬತ್ತನೆಯ ಏಷ್ಯನ್ ಕ್ರೀಡಾಕೂಟ ನಡೆಯಿತು. ಆನೆಮರಿ ‘ಅಪ್ಪು’ ಮನೆಮಾತಾಯಿತು. ದೂರದರ್ಶನಕ್ಕೆ ಬಣ್ಣ ಬಂತು. ಕ್ರೀಡಾಂಗಣಗಳು, ಮೇಲ್ಸೇತುವೆಗಳು, ಹೋಟೆಲುಗಳು ನೋಡನೋಡುತ್ತಿದ್ದಂತೆ ಎದ್ದುವು. ಅವನ್ನು ಎಬ್ಬಿಸಿದವರು ರಾಜಸ್ಥಾನ, ಉತ್ತರ ಪ್ರದೇಶ, ಒಡಿಶಾಗಳ ಬಡ ಊರುಗಳಿಂದ ಬಂದ ಕೂಲಿಗಳು. ಕಾನೂನಿನ ಪ್ರಕಾರ ಅವರ ಕನಿಷ್ಠ ದಿನಗೂಲಿ 9 ರೂಪಾಯಿ 25 ಪೈಸೆ. ಗುತ್ತಿಗೆದಾರರು ಅದನ್ನು ಜಮಾದಾರರ ಕೈಗೆ ಕೊಡುತ್ತಿದ್ದರು. ಜಮಾದಾರ ತಲೆಗೆ ಒಂದು ರೂಪಾಯಿ ದಸ್ತೂರಿ ಹಿಡಿದು 8 ರೂಪಾಯಿ 25 ಪೈಸೆ ಕೊಡುತ್ತಿದ್ದ. ಹೆಣ್ಣಾಳಿಗೆ ಸಿಗುತ್ತಿದ್ದುದು 7 ರೂಪಾಯಿ. ಹದಿನಾಲ್ಕು ತುಂಬದ ಮಕ್ಕಳೂ ಕಲ್ಲು ಮಣ್ಣು ಹೊರುತ್ತಿದ್ದರು.

ಮೂವರು ಸಮಾಜಶಾಸ್ತ್ರಜ್ಞರು ಕೆಲಸದ ಸ್ಥಳಗಳಿಗೇ ಹೋಗಿ ಇದನ್ನೆಲ್ಲ ಬರೆದಿಟ್ಟರು. ಪ್ರಜಾಸತ್ತಾತ್ಮಕ ಹಕ್ಕುಗಳ ಸಂಘವೊಂದು ಆ ವರದಿಯನ್ನು ಲಗತ್ತಿಸಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರಿಗೆ ಒಂದು ಪತ್ರ ಬರೆಯಿತು. ಆ ಪತ್ರವನ್ನೇ ಅರ್ಜಿಯೆಂದು ಭಾವಿಸಿ ಸುಪ್ರೀಂ ಕೋರ್ಟು ವಿಚಾರಣೆ ನಡೆಸಿತು. ಕೂಟದ ಬಾಗಿಲು ತೆರೆಯಲು ಎರಡು ತಿಂಗಳಿರುವಾಗ, ಸೆಪ್ಟೆಂಬರ್ 18ರಂದು, ತೀರ್ಪು ಹೊರಬಂತು. ಹಸಿವಿನಿಂದ ಬೇರೆ ದಾರಿ ಕಾಣದೆ ಒಬ್ಬನು ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿದರೆ ಅದು ಸ್ವಂತ ಇಚ್ಛೆಯ ದುಡಿಮೆಯಲ್ಲ. ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ನ್ಯಾಯಾಲಯ ಸಾರಿತು. ಆ ಕೂಟದಲ್ಲಿ ಯಾರು ಯಾವ ಪದಕ ಗೆದ್ದರೆಂಬುದನ್ನು ಬಹುಮಂದಿ ಮರೆತಿದ್ದಾರೆ. ಈ ತೀರ್ಪನ್ನು ಕಾನೂನಿನ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.

ಈ ಕಥೆ ತೇರದಾಳದ ಸೀಮೆಗೆ ದೂರದ್ದಲ್ಲ. ವಿಜಯಪುರ, ಬಾಗಲಕೋಟೆಗಳ ಊರುಗಳಿಂದ ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ಗಂಟುಮೂಟೆ ಕಟ್ಟಿಕೊಂಡು ದುಡಿಯಲು ಹೋಗುವ ಸಂಸಾರಗಳು ಲೆಕ್ಕವಿಲ್ಲದಷ್ಟು. ರಸ್ತೆಯ ಬದಿಯ ತಗಡಿನ ಗುಡಿಸಲು, ಮೂರು ಕಲ್ಲಿನ ಒಲೆ, ಶಾಲೆ ಬಿಟ್ಟ ಮಕ್ಕಳು. ದೊಡ್ಡ ನಗರವೊಂದು ದೊಡ್ಡ ಆಟವನ್ನು ಕರೆದಾಗ ಅದರ ಮೊದಲ ಅತಿಥಿಗಳು ಆಟಗಾರರಲ್ಲ, ಇಂಥವರು. ಆಟ ಆರಂಭವಾಗುವ ಮುನ್ನ ಗುಡಿಸಲು ಕಿತ್ತು ಹೊರಡಬೇಕಾದವರೂ ಇವರೇ.

ಬಾವುಟ ಯಾರ ಮಗ್ಗದ್ದು?

ಇನ್ನೊಂದು ಸೋಜಿಗವಿದೆ. ಆಟ ಒಂದೂರಿನಲ್ಲಿ, ಅದರ ಕೆಲಸ ಮತ್ತೊಂದೂರಿನಲ್ಲಿ! ಭಾರತದ ಯಾವ ನಗರದಲ್ಲಿ ಕ್ರಿಕೆಟ್ ಆಡಿದರೂ ಬ್ಯಾಟು ಮೀರಠದಿಂದಲೋ ಜಲಂಧರದಿಂದಲೋ ಬಂದಿರುವ ಸಂಭವವೇ ಹೆಚ್ಚು. ದೇಶ ಇಬ್ಭಾಗವಾದಾಗ ಸಿಯಾಲಕೋಟೆಯ ಕುಶಲಕರ್ಮಿಗಳಲ್ಲಿ ಅನೇಕರು ಉಟ್ಟ ಬಟ್ಟೆಯಲ್ಲಿ ಈ ಕಡೆಗೆ ಬಂದು, ಕೈಯೊಳಗಿನ ವಿದ್ಯೆಯೊಂದನ್ನೇ ಬಂಡವಾಳವಾಗಿ ಇಟ್ಟುಕೊಂಡು, ಆ ಊರುಗಳಲ್ಲಿ ಕ್ರೀಡಾಸಾಮಗ್ರಿಯ ಉದ್ಯಮವನ್ನು ಬೆಳೆಸಿದರು. ಅತ್ತ ಸಿಯಾಲಕೋಟೆಯಲ್ಲಿ ಉಳಿದ ವಿದ್ಯೆಯೂ ಬಾಡಲಿಲ್ಲ. 2014ರಲ್ಲಿ ಬ್ರೆಜಿಲಿನಲ್ಲಿ ನಡೆದ ಕಾಲ್ಚೆಂಡಿನ ವಿಶ್ವಕಪ್ಪಿಗೆ ಚೆಂಡುಗಳು ಹೋದುದು ಅಲ್ಲಿಂದ. ಕೂಟದ ಅಬ್ಬರ ಆತಿಥೇಯ ನಗರಕ್ಕೆ. ಬಾಳಿಕೆಯ ಕೆಲಸ ಕಸುಬು ಇದ್ದ ಊರಿಗೆ.

ಹಾಗಾದರೆ ಮಗ್ಗದ ಊರುಗಳಿಗೆ ಇದರಲ್ಲಿ ಪಾಲು ಬರಬೇಡವೆ? ಕ್ರೀಡಾಂಗಣದ ಕಂಬಕ್ಕೆ ಏರುವ ರಾಷ್ಟ್ರಧ್ವಜವನ್ನೇ ನೋಡಬಹುದು. ಮಾನಕ ಸಂಸ್ಥೆಯ ಮಾನ್ಯತೆ ಪಡೆದು ಖಾದಿಯ ರಾಷ್ಟ್ರಧ್ವಜ ತಯಾರಿಸುವ ಹುಬ್ಬಳ್ಳಿಯ ಬೆಂಗೇರಿ ಕೇಂದ್ರಕ್ಕೆ ಬಟ್ಟೆ ಹೋಗುವುದು ಧಾರವಾಡ ಮತ್ತು ಬಾಗಲಕೋಟೆ ಜಿಲ್ಲೆಗಳ ಖಾದಿ ಮಗ್ಗಗಳಿಂದ. ತೇರದಾಳವಿರುವ ಜಿಲ್ಲೆಯಲ್ಲಿಯೇ, ತುಳಸಿಗೇರಿಯಲ್ಲಿ, ಆ ಬಟ್ಟೆಯನ್ನು ನೇಯುವ ಕೈಗಳಿವೆ. ನೂಲು, ಎಳೆಗಳ ಎಣಿಕೆ, ಬಣ್ಣ, ಹೊಲಿಗೆ ಎಲ್ಲಕ್ಕೂ ಕಟ್ಟುನಿಟ್ಟಾದ ಅಳತೆ. ಆದರೆ 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಯಿತು. ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ದೊರೆಯಿತು. ಮರುವರ್ಷ ಸ್ವಾತಂತ್ರ್ಯದ 75ನೆಯ ವರ್ಷದ ಉತ್ಸವ. ಮನೆ ಮನೆಗೂ ಬಾವುಟ ಬೇಕಾಯಿತು. ಬೇಡಿಕೆ ಹಿಂದೆಂದೂ ಇಲ್ಲದಷ್ಟು ಬಂತು. ಅದರ ಬಹುಪಾಲು ಖಾದಿ ಮಗ್ಗಗಳನ್ನು ದಾಟಿ ಯಂತ್ರಗಳ ಕಡೆಗೆ ಹೋಯಿತು. ಬೆಂಗೇರಿಯವರು ಪ್ರತಿಭಟನೆ ಮಾಡಬೇಕಾಯಿತು. ಬಡವನಿಗೂ ಅಗ್ಗದ ಬಾವುಟ ಸಿಕ್ಕಿತೆಂಬ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಉತ್ಸವ ದೊಡ್ಡದಾದಷ್ಟೂ ಕಸುಬಿನವನಿಗೆ ಕೆಲಸ ಹೆಚ್ಚೀತೆಂಬ ನಂಬಿಕೆ ಅಲ್ಲಿ ಸುಳ್ಳಾಯಿತು. ಕೆಲಸ ಯಾರ ಮಗ್ಗಕ್ಕೆ ಹೋಗಬೇಕೆಂಬುದನ್ನು ಉತ್ಸವ ಗೊತ್ತುಮಾಡಲಿಲ್ಲ. ಒಂದು ಪುಟದ ಆಜ್ಞೆ ಗೊತ್ತುಮಾಡಿತು.

2010ರಲ್ಲಿ ದಿಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ನಡೆಸಿತು. 2030ರ ಕೂಟ ಅಹಮದಾಬಾದಿಗೆಂದು 2025ರ ನವೆಂಬರ್ 26ರಂದು ನಿಶ್ಚಯವಾಗಿದೆ. ಅಲ್ಲಿಯೂ ಕಟ್ಟಡಗಳೇಳುವುವು, ಜಮಾದಾರರು ಬರುವರು, ಸಾವಿರಾರು ಬಾವುಟಗಳೂ ಅಂಗಿಗಳೂ ಬೇಕಾಗುವುವು. ಅಂಗಿ ಎಲ್ಲಿ ಹೊಲಿಯುವುದು, ಬಟ್ಟೆ ಎಲ್ಲಿ ಕೊಳ್ಳುವುದು, ಕೂಲಿಯನ್ನು ಯಾರ ಕೈಗೆ ಕೊಡುವುದು ಎಂಬುದು ಪಂದ್ಯಗಳಿಗಿಂತ ಎಷ್ಟೋ ಮೊದಲು, ಗುತ್ತಿಗೆಯ ಕಾಗದದಲ್ಲಿ ತೀರ್ಮಾನವಾಗುವ ವಿಷಯ. ನೇಕಾರರ ಸಹಕಾರ ಸಂಘಗಳೂ ಅವರ ಪ್ರತಿನಿಧಿಗಳೂ ಬಾಗಿಲು ತಟ್ಟಬೇಕಾದ ಕಾಲ ಅದೇ. ಪದಕ ಕೊಡುವ ದಿನ ತಟ್ಟಿದರೆ ಒಳಗೆ ವಾದ್ಯದ ಗದ್ದಲದಲ್ಲಿ ಯಾರಿಗೂ ಕೇಳಿಸದು.

ಇತ್ತ ತೇರದಾಳದಲ್ಲಿ ಜಾತ್ರೆ ಮುಗಿದು ಬೆಳಗಾಗಿದೆ. ಶಾಮಿಯಾನದ ಗಳಗಳು ಲಾರಿಗೆ ಏರಿವೆ. ಬಳೆಗಾರ ಉಳಿದ ಬಳೆಗಳನ್ನು ಮಲಾರಕ್ಕೆ ಪೋಣಿಸಿ ಮುಂದಿನ ಊರಿನ ಬಸ್ಸಿಗೆ ಕಾಯುತ್ತಿದ್ದಾನೆ. ಅಲ್ಲಿಯ ಜಾತ್ರೆ ಎಂದೆಂಬುದು ಅವನಿಗೆ ಕರತಲಾಮಲಕ. ಓಣಿಯಲ್ಲಿ ಮಗ್ಗಗಳು ಒಂದೊಂದಾಗಿ ಸದ್ದು ಮಾಡತೊಡಗಿವೆ. ನಿನ್ನೆ ನಿಂತ ಸೀರೆಯ ಸೆರಗು ಇಂದು ಸಂಜೆಯೊಳಗೆ ಮುಗಿಯಬೇಕು. ಖಾಲಿ ಕಣದಲ್ಲಿ ಗರಡಿಯ ಇಬ್ಬರು ಹುಡುಗರು ಸಲಿಕೆ ಹಿಡಿದು, ತುಳಿದು ಗಟ್ಟಿಯಾದ ಕೆಂಪು ಮಣ್ಣನ್ನು ಕೆದಕಿ, ಮತ್ತೆ ಹದಕ್ಕೆ ತರುತ್ತಿದ್ದಾರೆ.